ಲುಕ್ಕಾಗೆ ಅರ್ಧ ದಿನ ಸಾಕಾ? ಅಪ್ಪ-ಅಮ್ಮನ ಜೊತೆ ಹೋಗಬೇಕು

ಹಾಸನದ ಮಗಳು · ಜುಲೈ 18

ಎಲ್ಲರಿಗೂ ನಮಸ್ಕಾರ. ನಾನು ಸ್ಟುಟ್‌ಗಾರ್ಟ್‌ನಲ್ಲಿದ್ದೇನೆ. ಸೆಪ್ಟೆಂಬರ್‌ನಲ್ಲಿ ಊರಿಂದ ಅಪ್ಪ-ಅಮ್ಮ ಬರುತ್ತಿದ್ದಾರೆ. ಅವರಿಗೆ ಇದೇ ಮೊದಲ ವಿದೇಶ ಪ್ರಯಾಣ. 12ರಿಂದ 15ರವರೆಗೆ ಇಟಲಿಯ ಫ್ಲಾರೆನ್ಸ್‌ನಲ್ಲಿ ರೂಮ್ ಮಾಡಿದ್ದೇನೆ. 13ನೇ ತಾರೀಕು ಒಂದು ದಿನ ಖಾಲಿ ಇದೆ.

ಅಪ್ಪನಿಗೆ 67. ಮಂಡಿ ನೋವು. ಸಮತಟ್ಟಾದ ಜಾಗದಲ್ಲಿ ಎಷ್ಟು ಬೇಕಾದರೂ ನಡೆಯುತ್ತಾರೆ, ಮೆಟ್ಟಿಲು ಅಂದರೆ ಆಗುವುದಿಲ್ಲ. ನೀರಾವರಿ ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದವರು. ಚಿತ್ರಗಳ ಮ್ಯೂಸಿಯಂ ಅಂದರೆ ಅರ್ಧ ಗಂಟೆಗೇ ಸುಸ್ತು. ಅಮ್ಮ ಪೂರ್ತಿ ಸಸ್ಯಾಹಾರಿ, ಮೊಟ್ಟೆಯನ್ನೂ ಮುಟ್ಟುವುದಿಲ್ಲ.

ಆಫೀಸಿನ ಗೆಳತಿ ಲುಕ್ಕಾಗೆ ಹೋಗು ಅಂದಳು. ಸುತ್ತ ಕೋಟೆ ಗೋಡೆ ಇರುವ ಹಳೇ ಊರು, ಗೋಡೆ ಮೇಲೇ ನಡೆಯಬಹುದು ಅಂತ. ಅರ್ಧ ದಿನ ಸಾಕಾ? ಅದೇ ದಿನ ಪೀಸಾ ಕೂಡ ಆಗುತ್ತಾ? ಇಲ್ಲ ಸಿಯೆನಾ ಒಳ್ಳೆಯದಾ? ಹೋಗಿ ಬಂದವರು ದಯವಿಟ್ಟು ಹೇಳಿ.

ಮಿಲಾನ್ ಮಂಡ್ಯ · ಜುಲೈ 18

ಅರ್ಧ ದಿನ ಧಾರಾಳವಾಗಿ ಸಾಕು. ಲುಕ್ಕಾ ಚಿಕ್ಕ ಊರು. ಬೆಳಿಗ್ಗೆ ಪೀಸಾ, ಮಧ್ಯಾಹ್ನ ಲುಕ್ಕಾ, ರಾತ್ರಿ ಫ್ಲಾರೆನ್ಸ್. ಪೀಸಾದಿಂದ ಲುಕ್ಕಾಗೆ ರೈಲಿನಲ್ಲಿ ಅರ್ಧ ಗಂಟೆ. ನಾನು ಮೂರು ಸಲ ಹೀಗೇ ಮಾಡಿದ್ದೇನೆ. ಯಾರಿಗೂ ಬೇಜಾರಾಗಿಲ್ಲ.

ದುರ್ಗದ ಕೊತ್ತಲ · ಜುಲೈ 18

ನಾನು ಒಪ್ಪುವುದಿಲ್ಲ. ಮೂವತ್ತರ ವಯಸ್ಸಿನವರಿಗೆ ಸರಿ. 67ರ ಅಪ್ಪನನ್ನು ಒಂದೇ ದಿನ ಮೂರು ರೈಲು ಹತ್ತಿಸಿ ಇಳಿಸಿದರೆ ಅವರು ನೋಡುವುದು ಪ್ಲಾಟ್‌ಫಾರ್ಮ್ ಮಾತ್ರ.

ಸಿಯೆನಾ ಬೇಡ. ಅದು ಗುಡ್ಡದ ಮೇಲಿನ ಊರು, ಬೀದಿಗಳೆಲ್ಲ ಏರು-ಇಳಿವು. ಲುಕ್ಕಾ ಪೂರ್ತಿ ಸಮತಟ್ಟು. ನಿಮ್ಮ ಅಪ್ಪನಿಗೆ ಈ ಊರುಗಳೆಲ್ಲ ಇರುವ ಟಸ್ಕನಿ ಸೀಮೆಯಲ್ಲಿ ಇದಕ್ಕಿಂತ ಒಳ್ಳೆಯ ಊರು ಸಿಗಲ್ಲ.

ಗೋಡೆ ಸುತ್ತಳತೆ 4.2 ಕಿಲೋಮೀಟರ್. ಎತ್ತರ ಸುಮಾರು 12 ಮೀಟರ್, ಬುಡದಲ್ಲಿ ದಪ್ಪ ಸುಮಾರು 30 ಮೀಟರ್. ಇದು ನಮ್ಮ ದುರ್ಗದ ಹಾಗೆ ಕಲ್ಲಿನ ಗೋಡೆ ಅಲ್ಲ. ಒಳಗೆ ಮಣ್ಣಿನ ದಿಬ್ಬ, ಹೊರಗೆ ಇಟ್ಟಿಗೆ ಹೊದಿಕೆ. ಅದಕ್ಕೇ ಮೇಲೆ ರಸ್ತೆಯಷ್ಟು ಅಗಲದ ಜಾಗ ಇದೆ. ಎರಡೂ ಕಡೆ ಸಾಲು ಮರ, ಅಲ್ಲಲ್ಲಿ ಬೆಂಚು. ಊರೊಳಗಿಂದ ಮೇಲೆ ಹೋಗಲು ಇಳಿಜಾರು ದಾರಿಗಳಿವೆ.

ಹಾಸನದ ಮಗಳು · ಜುಲೈ 18

ಬೆಂಚು, ಇಳಿಜಾರು ಎರಡೂ ಇದೆ ಅಂದಿರಲ್ಲ, ಅಷ್ಟು ಸಾಕು ನನಗೆ. ಆದರೆ ಪೀಸಾ ಬಿಟ್ಟರೆ ಅಮ್ಮನಿಗೆ ಬೇಸರ ಆಗುತ್ತೆ ಅನಿಸುತ್ತೆ. ವಾಲುವ ಗೋಪುರದ ಮುಂದೆ ಫೋಟೋ ತೆಗೆಸಿಕೊಳ್ಳಬೇಕು ಅಂತ ಈಗಲೇ ಹೇಳಿದ್ದಾರೆ.

ತೊರಿನೊ ವಿದ್ಯಾರ್ಥಿ · ಜುಲೈ 18

ಹಾಗಾದರೆ ಒಂದು ದಾರಿ ಇದೆ. ಪೀಸಾದ ದೊಡ್ಡ ನಿಲ್ದಾಣಕ್ಕೆ ಹೋಗಬೇಡಿ. ಅಲ್ಲಿಂದ ಗೋಪುರಕ್ಕೆ ಊರು ದಾಟಿ ನಡೆಯಬೇಕು. ಲುಕ್ಕಾ ಮಾರ್ಗದಲ್ಲಿ ಪೀಸಾ ಸಾನ್ ರೊಸ್ಸೋರೆ ಅಂತ ಚಿಕ್ಕ ನಿಲ್ದಾಣ ಬರುತ್ತೆ. ಅಲ್ಲಿಂದ ಗೋಪುರ ಹತ್ತು ನಿಮಿಷವೂ ಇಲ್ಲ. ಇಳಿದು, ಫೋಟೋ ತೆಗೆದು, ಅದೇ ನಿಲ್ದಾಣದಿಂದ ಲುಕ್ಕಾಗೆ ಬರಬಹುದು.

ಇನ್ನೊಂದು ಮುಖ್ಯ ವಿಷಯ. ಪ್ರಾದೇಶಿಕ ರೈಲಿನ ಕಾಗದದ ಟಿಕೆಟ್ ತೆಗೆದುಕೊಂಡರೆ ಹತ್ತುವ ಮುಂಚೆ ಪ್ಲಾಟ್‌ಫಾರ್ಮ್ ಹತ್ತಿರದ ಯಂತ್ರದಲ್ಲಿ ಮುದ್ರೆ ಒತ್ತಿಸಬೇಕು. ಫೋನಿನಲ್ಲಿ ತೆಗೆದುಕೊಂಡರೆ ಚೆಕ್-ಇನ್ ಮಾಡಬೇಕು. ಮರೆತರೆ ಟಿಕೆಟ್ ಇದ್ದರೂ ದಂಡ. ನಾನು ಬಂದ ಮೊದಲ ತಿಂಗಳಲ್ಲೇ ಕಟ್ಟಿದ್ದೇನೆ, ಅದಕ್ಕೇ ಎಲ್ಲರಿಗೂ ಹೇಳುತ್ತೇನೆ.

ಸೈಕಲ್ ಸವಾರ · ಜುಲೈ 19

ಗೋಡೆ ಮೇಲೆ ನಡೆಯುವುದು ಬೇಡ, ಸೈಕಲ್ ತೆಗೆದುಕೊಳ್ಳಿ! ಬಾಡಿಗೆಗೆ ಎಲ್ಲ ಕಡೆ ಸಿಗುತ್ತೆ. ನಾಲ್ಕು ಜನ ಕೂತು ತುಳಿಯುವ ಚಾವಣಿ ಗಾಡಿ ಕೂಡ ಇದೆ. ಮಂಡಿ ನೋವಿನವರು ಹಿಂದೆ ಸುಮ್ನೆ ಕೂರಬಹುದು. ಅರ್ಧ ಗಂಟೆಯಲ್ಲಿ ಒಂದು ಸುತ್ತು ಮುಗಿಯುತ್ತೆ.

ದುರ್ಗದ ಕೊತ್ತಲ · ಜುಲೈ 19

ಅರ್ಧ ಗಂಟೆಯಲ್ಲಿ ಮುಗಿಸಿ ಏನು ಮಾಡುತ್ತೀರಿ ಸಾರ್? ಆ ಗೋಡೆಯನ್ನು ನಿಧಾನವಾಗಿಯೇ ನೋಡಬೇಕು. ಎಡಗಡೆ ಜನರ ಹಿತ್ತಲು ಕಾಣುತ್ತೆ, ಒಗೆದ ಬಟ್ಟೆ, ನಿಂಬೆ ಗಿಡದ ಕುಂಡ. ಬಲಗಡೆ ಹುಲ್ಲು ಬಯಲು, ದೂರದಲ್ಲಿ ಆಪುವಾನ್ ಬೆಟ್ಟಗಳು. ಪ್ರತಿ ಕೊತ್ತಲದಲ್ಲೂ ನಿಲ್ಲಬೇಕು. ಅವು ಯಾಕೆ ಬಾಣದ ಮೊನೆ ಹಾಗೆ ಹೊರಗೆ ಚಾಚಿವೆ ಗೊತ್ತಾ? ಫಿರಂಗಿ ಬಂದ ಮೇಲೆ ಎತ್ತರದ ತೆಳು ಗೋಡೆ ನಿಲ್ಲುತ್ತಿರಲಿಲ್ಲ. ತಗ್ಗಾಗಿ, ದಪ್ಪವಾಗಿ, ಮಣ್ಣು ತುಂಬಿ ಕಟ್ಟಿದರು. ಗುಂಡು ಬಿದ್ದರೆ ಮಣ್ಣು ನುಂಗುತ್ತೆ. ಗೋಡೆ ಬುಡಕ್ಕೆ ಶತ್ರು ಬಂದರೆ ಪಕ್ಕದ ಕೊತ್ತಲದಿಂದ ಹೊಡೆಯಬಹುದು. ಹಾಗೆ ಗೋಡೆಯ ಯಾವ ಭಾಗವೂ ಕಣ್ಣಿಗೆ ಮರೆಯಾಗುವುದಿಲ್ಲ.

16ನೇ ಶತಮಾನದ ಆರಂಭದಲ್ಲಿ ಶುರು ಮಾಡಿ 17ನೇ ಶತಮಾನದ ಮಧ್ಯದವರೆಗೆ ಕಟ್ಟಿದ್ದಾರೆ. ನೂರು ವರ್ಷಕ್ಕೂ ಜಾಸ್ತಿ. ಲುಕ್ಕಾ ಆಗ ಸ್ವತಂತ್ರ ಗಣರಾಜ್ಯ. ಪಕ್ಕದ ಫ್ಲಾರೆನ್ಸ್ ಯಾವಾಗ ನುಂಗುತ್ತೋ ಅನ್ನುವ ಭಯ. ಅಷ್ಟು ಚಿಕ್ಕ ರಾಜ್ಯ ತನ್ನ ದುಡ್ಡಿನಲ್ಲಿ ಇಷ್ಟು ದೊಡ್ಡ ಕೋಟೆ ಕಟ್ಟಿ ತನ್ನ ಸ್ವಾತಂತ್ರ್ಯ ಉಳಿಸಿಕೊಂಡಿತು.

ಮಿಲಾನ್ ಮಂಡ್ಯ · ಜುಲೈ 19

ಆದರೆ ಆ ಗೋಡೆ ಮೇಲೆ ಒಂದೇ ಒಂದು ಯುದ್ಧ ಆಗಿಲ್ಲ ಅಲ್ವಾ? ನೂರು ವರ್ಷ ಕಟ್ಟಿದ್ದು ವ್ಯರ್ಥ ಅಂತ ನನಗೆ ಅನಿಸಿತ್ತು.

ದುರ್ಗದ ಕೊತ್ತಲ · ಜುಲೈ 19

ವ್ಯರ್ಥ ಹೇಗಾಗುತ್ತೆ? ಯಾರೂ ಮುತ್ತಿಗೆ ಹಾಕುವ ಧೈರ್ಯ ಮಾಡಲಿಲ್ಲ ಅಂದರೆ ಗೋಡೆ ತನ್ನ ಕೆಲಸ ಮಾಡಿತು ಅಂತಲೇ ಅರ್ಥ. ಬಾಗಿಲುಗಳ ಮೇಲೆ ಇವತ್ತಿಗೂ ‘ಲಿಬೆರ್ತಾಸ್’ ಅಂತ ಕೆತ್ತಿದ್ದು ಕಾಣುತ್ತೆ. ಸ್ವಾತಂತ್ರ್ಯ ಅಂತ.

ಇನ್ನೊಂದು ಕೇಳಿ. 1812ರ ನವೆಂಬರ್‌ನಲ್ಲಿ ಸೆರ್ಕಿಯೊ ನದಿಗೆ ಭಾರೀ ಪ್ರವಾಹ ಬಂತು. ಊರಿನ ಬಾಗಿಲುಗಳನ್ನೆಲ್ಲ ಮುಚ್ಚಿ, ಸಂದಿಗಳನ್ನು ತುಂಬಿ ನೀರು ತಡೆದರು. ಸುತ್ತಲ ಬಯಲು ಮುಳುಗಿತು, ಊರು ಉಳಿಯಿತು. ಆಗ ಅಲ್ಲಿ ಆಳುತ್ತಿದ್ದವಳು ನೆಪೋಲಿಯನ್ ತಂಗಿ ಎಲಿಸಾ. ಅವಳು ಹೊರಗಿಂದ ಬಂದಾಗ ಬಾಗಿಲು ತೆರೆಯುವಂತಿರಲಿಲ್ಲ, ಯಂತ್ರ ಕಟ್ಟಿ ಗೋಡೆ ಮೇಲಿಂದ ಒಳಗೆ ಇಳಿಸಿದರು ಅಂತ ಊರಿನವರು ಕಥೆ ಹೇಳುತ್ತಾರೆ.

ಹಾಸನದ ಮಗಳು · ಜುಲೈ 19

ಇದನ್ನು ಈಗಷ್ಟೇ ಫೋನಿನಲ್ಲಿ ಅಪ್ಪನಿಗೆ ಓದಿ ಹೇಳಿದೆ. ‘ಮಣ್ಣು ತುಂಬಿ, ಹೊರಗೆ ಇಟ್ಟಿಗೆ ಹೊದಿಸಿ, ನೀರು ತಡೆದಿದೆ ಅಂದರೆ ಅದು ಕೋಟೆ ಅಲ್ಲಮ್ಮ, ಕೆರೆ ಏರಿ’ ಅಂದರು! ನೀರು ಹೊರಗಡೆ, ಊರು ಒಳಗಡೆ, ಅಷ್ಟೇ ವ್ಯತ್ಯಾಸ ಅಂತೆ. ಆಮೇಲೆ ಇಪ್ಪತ್ತು ನಿಮಿಷ ಅದನ್ನೇ ಮಾತಾಡಿದರು. ಸಿಯೆನಾ ಕೈಬಿಟ್ಟೆ.

ಏರಿ ಮೇಲೆ ಮರ ನೆಡಬಾರದು, ಬೇರು ಒಣಗಿದ ಮೇಲೆ ಅದರ ಜಾಡಿನಲ್ಲಿ ನೀರು ಜಿನುಗುತ್ತೆ, ಅಲ್ಲಿ ಯಾಕೆ ನೆಟ್ಟರು ಕೇಳು ಅಂದಿದ್ದಾರೆ. ಕೊತ್ತಲ ಸಾರ್, ನೀವೇ ಹೇಳಬೇಕು.

ದುರ್ಗದ ಕೊತ್ತಲ · ಜುಲೈ 19

ಅಪ್ಪಾಜಿಗೆ ನನ್ನ ನಮಸ್ಕಾರ ಹೇಳಿ. ಕೆರೆ ಏರಿಗೆ ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಇಲ್ಲಿ ನೀರು ವರ್ಷಗಟ್ಟಲೆ ನಿಂತಿರುವುದಿಲ್ಲ. ಪ್ರವಾಹ ಬಂದಾಗ ಕೆಲವು ದಿನ ಮಾತ್ರ. ಮರದ ಬೇರು ಸಡಿಲ ಮಣ್ಣನ್ನು ಹಿಡಿದಿಡಲಿ, ಮುತ್ತಿಗೆ ಬಿದ್ದರೆ ಮರಮಟ್ಟು ಒಳಗೇ ಸಿಗಲಿ ಅಂತ ಹಳೆಯ ಕಾಲದಲ್ಲೇ ನೆಟ್ಟಿದ್ದರು. ಈಗ ಕಾಣುವ ವಿಹಾರದ ದಾರಿ 19ನೇ ಶತಮಾನದ್ದು. ನೆಪೋಲಿಯನ್ ಸೋತ ಮೇಲೆ ಲುಕ್ಕಾ ಬೂರ್ಬೊನ್ ಮನೆತನದ ಮರಿಯಾ ಲುಯೀಸಾಗೆ ಬಂತು. ಅವಳ ಆಸ್ಥಾನದ ವಾಸ್ತುಶಿಲ್ಪಿ ಲೊರೆಂಜೊ ನೊತ್ತೊಲೀನಿ. ಕೋಟೆಯನ್ನು ಕೆಡವುವ ಬದಲು ಜನ ಓಡಾಡುವ ತೋಟ ಮಾಡಿದರು. ಯೂರೋಪಿನ ಎಷ್ಟೋ ಊರುಗಳು ಅದೇ ಶತಮಾನದಲ್ಲಿ ರಸ್ತೆಗಾಗಿ ಗೋಡೆ ಒಡೆದು ಹಾಕಿದವು. ಫ್ಲಾರೆನ್ಸ್ ಕೂಡ ಒಡೆದಿದೆ.

ನೊತ್ತೊಲೀನಿ ಅಪ್ಪಾಜಿಗೆ ಇಷ್ಟ ಆಗುತ್ತಾರೆ. ದಕ್ಷಿಣದ ಬೆಟ್ಟದಿಂದ ಊರಿಗೆ ಕುಡಿಯುವ ನೀರು ತರಲು ಮೇಲ್ಗಾಲುವೆ ಕಟ್ಟಿಸಿದ್ದೂ ಅವರೇ. 400ಕ್ಕೂ ಹೆಚ್ಚು ಕಮಾನುಗಳು, ಸುಮಾರು 3 ಕಿಲೋಮೀಟರ್.

ಬೆಳಗಾವಿ ಬೀದಿ · ಜುಲೈ 19

ಪೂರ್ತಿ ಗೋಡೆ ಉಳಿದಿರುವ ಇಟಲಿಯ ಏಕೈಕ ಊರು ಲುಕ್ಕಾ ಅಲ್ವಾ?

ತೊರಿನೊ ವಿದ್ಯಾರ್ಥಿ · ಜುಲೈ 19

ಅಲ್ಲ. ಸಿಯೆನಾ ಹತ್ತಿರ ಮೊಂತೆರಿಜ್ಜೋನಿ ಇದೆ, ಪುಟ್ಟ ಊರು, 14 ಬುರುಜು. ವೆನೆತೊ ಪ್ರಾಂತ್ಯದಲ್ಲಿ ಚಿತ್ತದೆಲ್ಲಾ ಇದೆ, ಅಲ್ಲೂ ಗೋಡೆ ಮೇಲೆ ನಡೆಯಬಹುದು. ಪೂರ್ವದ ತುದಿಯಲ್ಲಿ ಪಲ್ಮನೋವಾ, 1593ರಲ್ಲಿ ವೆನಿಸ್‌ನವರು ನಕ್ಷತ್ರದ ಆಕಾರದಲ್ಲಿ ಶುರು ಮಾಡಿದ್ದು. ಆದರೆ ಇಷ್ಟು ದೊಡ್ಡ ಊರು ಒಳಗಿದ್ದು, ಜನ ದಿನಾ ಗೋಡೆ ಮೇಲೆ ವಾಕಿಂಗ್ ಬರುವುದು ಲುಕ್ಕಾದಲ್ಲೇ.

ಅಡುಗೆಮನೆ ಅಕ್ಕ · ಜುಲೈ 20

ಎಲ್ಲರೂ ಗೋಡೆ ಬಗ್ಗೆಯೇ ಮಾತಾಡುತ್ತಿದ್ದೀರಿ, ಊಟದ ವಿಚಾರ ಯಾರೂ ಹೇಳಲಿಲ್ಲ. ಅಮ್ಮನ ಹೊಟ್ಟೆ ನೋಡಿಕೊಳ್ಳಬೇಕಲ್ಲ.

ತಂಗಿ, ಮೊದಲು ಚೆಚೀನಾ ಹುಡುಕು. ಕಡಲೆಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ, ಇಷ್ಟೇ. ದೊಡ್ಡ ತಾಮ್ರದ ತಟ್ಟೆಯಲ್ಲಿ ಹುಯ್ದು ಸೌದೆ ಒಲೆಯಲ್ಲಿ ಬೇಯಿಸುತ್ತಾರೆ. ಮೇಲೆ ಕರಿಮೆಣಸಿನ ಪುಡಿ. ನಮ್ಮ ಕಡಲೆಹಿಟ್ಟಿನ ದೋಸೆಯ ದಪ್ಪ ಅಕ್ಕ ಅಂತ ಅಂದುಕೋ. ಪಿಜ್ಜಾ ಅಂಗಡಿಗಳಲ್ಲಿ ತುಂಡು ಲೆಕ್ಕದಲ್ಲಿ ಸಿಗುತ್ತೆ. ಅಮ್ಮ ಕಣ್ಣು ಮುಚ್ಚಿಕೊಂಡು ತಿನ್ನಬಹುದು.

ತೊರ್ದೆಲ್ಲಿ ಅಂತ ಕಡುಬಿನ ಥರ ಬರುತ್ತೆ, ಅದು ಬೇಡ, ಒಳಗೆ ಮಾಂಸ. ಬುಚ್ಚೆಲ್ಲಾತೊ ಅಂತ ಒಣದ್ರಾಕ್ಷಿ, ಸೋಂಪಿನ ವಾಸನೆಯ ಸಿಹಿ ಬ್ರೆಡ್ ಆ ಊರಿನ ಹೆಮ್ಮೆ. ಮೊಟ್ಟೆ ಹಾಕುವವರೂ ಇದ್ದಾರೆ, ಕೇಳಿಯೇ ತಗೋ. ಟಸ್ಕನಿಯ ಬ್ರೆಡ್‌ಗೆ ಉಪ್ಪು ಹಾಕುವುದಿಲ್ಲ, ಅದೇ ಅಲ್ಲಿಯ ಪದ್ಧತಿ. ಬ್ಯಾಗಿನಲ್ಲಿ ಒಂದು ಚಿಕ್ಕ ಡಬ್ಬಿ ಚಟ್ನಿಪುಡಿ ಇರಲಿ.

ಮಧ್ಯಾಹ್ನ ಎರಡೂವರೆ ಆದ ಮೇಲೆ ಬಹಳ ಹೋಟೆಲುಗಳಲ್ಲಿ ಅಡುಗೆಮನೆ ಮುಚ್ಚುತ್ತೆ. ಮತ್ತೆ ತೆರೆಯುವುದು ರಾತ್ರಿ ಏಳೂವರೆಗೆ. ಒಂದು ಗಂಟೆಗೇ ಕೂತುಬಿಡಿ.

ಧಾರವಾಡ ಪೇಡೆ · ಜುಲೈ 20

ಅಕ್ಕಾರ, ಫಾರ್ರೊ ಸೂಪ್ ಬಿಟ್ಟಿರಲ್ಲ! ಲುಕ್ಕಾದ ಉತ್ತರಕ್ಕೆ ಗರ್ಫಞಾನಾ ಅಂತ ಬೆಟ್ಟದ ಸೀಮೆ. ಅಲ್ಲಿ ಬೆಳೆಯುವ ಫಾರ್ರೊ ಅಂದರೆ ಬೇರೆ ಏನೂ ಅಲ್ಲ, ನಮ್ಮ ಉತ್ತರ ಕರ್ನಾಟಕದ ಜವೆಗೋಧಿ. ಕೆಲವರು ಸದಕ ಅಂತಾರೆ, ಮಹಾರಾಷ್ಟ್ರದ ಕಡೆ ಖಪ್ಲಿ. ಎರಡೂ ಒಂದೇ ಜಾತಿ, ಡೈಕೊಕಮ್. ನಾನು ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಓದಿದವನು. ಅಲ್ಲಿ ಇದರ ಮೇಲೆ ಎಷ್ಟೋ ವರ್ಷಗಳಿಂದ ಕೆಲಸ ನಡೆದಿದೆ. ಡಿಡಿಕೆ 1025, ಡಿಡಿಕೆ 1029 ಅಂತ ತಳಿಗಳನ್ನೇ ಬಿಡುಗಡೆ ಮಾಡಿದ್ದಾರೆ.

ಮೊದಲ ಸಲ ಲುಕ್ಕಾದಲ್ಲಿ ಆ ಸೂಪ್ ಬಾಯಿಗೆ ಇಟ್ಟಾಗ ನನಗೆ ನಮ್ಮ ಅವ್ವನ ಗೋಧಿ ಹುಗ್ಗಿ ನೆನಪಾಯಿತು. ಬೆಲ್ಲ ಇಲ್ಲ, ಹುರುಳಿಕಾಯಿ ಬೀಜದಂಥ ಬೀನ್ಸ್ ಇದೆ. ಆದರೆ ಕಾಳು ಹಲ್ಲಿಗೆ ಸಿಗುವ ರೀತಿ ಅದೇ. ಇಷ್ಟು ದೂರ ಬಂದು ನಮ್ಮ ಹೊಲದ ಕಾಳು ಸಿಕ್ಕಿತಲ್ಲ ಅಂತ ಗಂಟಲು ಕಟ್ಟಿತು.

ಅಡುಗೆಮನೆ ಅಕ್ಕ · ಜುಲೈ 20

ಇದು ನನಗೆ ಗೊತ್ತೇ ಇರಲಿಲ್ಲ ತಮ್ಮಾ. ಆದರೆ ಆ ಸೂಪ್‌ಗೆ ಹಂದಿ ಮಾಂಸದ ಚೂರು ಹಾಕುವ ಮನೆಗಳೂ ಇವೆ, ಮಾಂಸದ ನೀರಿನಲ್ಲಿ ಬೇಯಿಸುವವರೂ ಇದ್ದಾರೆ. ‘ಸೆನ್ಸಾ ಕಾರ್ನೆ, ಸೆನ್ಸಾ ಬ್ರೋದೊ ದಿ ಕಾರ್ನೆ’, ಅಂದರೆ ಮಾಂಸ ಬೇಡ, ಮಾಂಸದ ನೀರೂ ಬೇಡ ಅಂತ ಹೇಳಬೇಕು. ಮೇಲೆ ಉದುರಿಸುವ ಪಾರ್ಮಿಜಾನೊ ಚೀಸ್ ಕೂಡ ಶುದ್ಧ ಸಸ್ಯಾಹಾರ ಅಲ್ಲ. ಕರುವಿನ ಹೊಟ್ಟೆಯ ರೆನೆಟ್‌ನಿಂದ ಹಾಲು ಒಡೆಸುತ್ತಾರೆ.

ಮಿಲಾನ್ ಮಂಡ್ಯ · ಜುಲೈ 20

ಇಷ್ಟೆಲ್ಲ ಹೇಳಿ ಆ ಅಮ್ಮನನ್ನು ಹೆದರಿಸಬೇಡಿ. ನಾವೆಲ್ಲ ಆ ಚೀಸ್ ತಿಂದುಕೊಂಡೇ ಇದ್ದೇವೆ.

ಅಡುಗೆಮನೆ ಅಕ್ಕ · ಜುಲೈ 20

ನೀವು ಗೊತ್ತಿದ್ದು ತಿನ್ನುತ್ತೀರಿ, ಅದು ನಿಮ್ಮ ಇಷ್ಟ. ಅವರಿಗೆ ಗೊತ್ತಿಲ್ಲದೆ ತಿನ್ನಿಸುವುದು ತಪ್ಪು. ಮೊದಲೇ ಹೇಳಿದರೆ ಅವರೇ ತೀರ್ಮಾನ ಮಾಡುತ್ತಾರೆ.

ಹಾಸನದ ಮಗಳು · ಜುಲೈ 20

ಅಕ್ಕ ಹೇಳಿದ್ದು ಸರಿ. ಅಮ್ಮನಿಗೆ ತಿಳಿಸಿದೆ. ‘ಚೀಸ್ ಬೇಡ, ಆ ಕಡಲೆಹಿಟ್ಟಿನದು ಸಾಕು’ ಅಂದರು.

ಶಿಡ್ಲಘಟ್ಟ ಗೂಡು · ಜುಲೈ 20

ಲುಕ್ಕಾ ಅಂದರೆ ನಮ್ಮ ಮನೆಯವರಿಗೆ ಮೊದಲು ನೆನಪಾಗುವುದು ರೇಷ್ಮೆ. ನಾವು ಮೂರು ತಲೆಮಾರಿನಿಂದ ಗೂಡು ಬಿಚ್ಚುವವರು. 12-13ನೇ ಶತಮಾನದಲ್ಲಿ ಯೂರೋಪಿನ ಒಳ್ಳೆಯ ರೇಷ್ಮೆ ಬಟ್ಟೆ ಬೇಕೆಂದರೆ ಲುಕ್ಕಾಗೇ ಹೋಗಬೇಕಿತ್ತು. ಆ ಊರಿನ ಗೋಪುರಗಳನ್ನು ಕಟ್ಟಿದ ದುಡ್ಡೆಲ್ಲ ರೇಷ್ಮೆ ಮತ್ತು ಲೇವಾದೇವಿಯದು. 1314ರಲ್ಲಿ ಪೀಸಾದ ಸೈನ್ಯ ಊರು ಲೂಟಿ ಮಾಡಿತು. ಆಮೇಲೆ ನೇಕಾರರು ವೆನಿಸ್, ಫ್ಲಾರೆನ್ಸ್, ಬೊಲೊನ್ಯಾಗೆ ಚದುರಿಹೋದರು. ಕಸುಬು ಅವರ ಜೊತೆಗೇ ಹೋಯಿತು.

ಇಟಲಿಯ ರೇಷ್ಮೆ ವಿದ್ಯೆ ನಮ್ಮಲ್ಲಿಗೂ ಬಂದಿದೆ. 1910ರ ದಶಕದಲ್ಲಿ ಮೈಸೂರು ಸರ್ಕಾರ ವಾಷಿಂಗ್ಟನ್ ಮಾರಿ ಅನ್ನುವ ಇಟಲಿಯ ತಜ್ಞರನ್ನು ಕರೆಸಿ ಹುಳು ಸಾಕಣೆ ಸುಧಾರಿಸಲು ನೇಮಿಸಿತ್ತು. ಈ ಊರಿನವರಲ್ಲ, ಆದರೆ ಈ ದೇಶದವರು.

ಸೈಕಲ್ ಸವಾರ · ಜುಲೈ 21

ಕಾರು ಬಾಡಿಗೆ ತೆಗೆದುಕೊಳ್ಳುವ ಯೋಚನೆ ಇದೆಯಾ? ಇದ್ದರೆ ಬಿಟ್ಟುಬಿಡಿ. ಈ ಹಳೇ ಊರುಗಳ ಒಳಗೆಲ್ಲ ಹೊರಗಿನ ವಾಹನಕ್ಕೆ ನಿಷೇಧ ಇರುವ ವಲಯ ಇದೆ. ಝಡ್‌ಟಿಎಲ್ ಅಂತಾರೆ. ಬಾಗಿಲಲ್ಲಿ ಕ್ಯಾಮೆರಾ. ಟಸ್ಕನಿಯ ಇನ್ನೊಂದು ಊರಿನಲ್ಲಿ ನಾನು ಫಲಕ ನೋಡದೆ ನುಗ್ಗಿದೆ. ಎಂಟು ತಿಂಗಳಾದ ಮೇಲೆ ಮನೆಗೆ ದಂಡದ ಪತ್ರ ಬಂತು. ವಿದೇಶದವರಿಗೆ 360 ದಿನದೊಳಗೆ ಕಳಿಸಬಹುದು ಅಂತ ಕಾನೂನು. ಹೋಗುವಾಗ ಒಂದು, ಬರುವಾಗ ಒಂದು, ಎರಡು ದಂಡ.

ತೊರಿನೊ ವಿದ್ಯಾರ್ಥಿ · ಜುಲೈ 21

ರೈಲೇ ಸರಿ. ಫ್ಲಾರೆನ್ಸ್‌ನಿಂದ ಸುಮಾರು ಒಂದು ಗಂಟೆ ಇಪ್ಪತ್ತು ನಿಮಿಷ, ಪಿಸ್ತೋಯಾ ಮೇಲೆ ಹೋಗುತ್ತೆ. ನಿಲ್ದಾಣದಿಂದ ಹೊರಗೆ ಬಂದರೆ ಎದುರಿಗೇ ಗೋಡೆ. ನೇರ ಎದುರು ಕೊತ್ತಲದ ಒಳಗಿಂದ ಹೋಗುವ ಸುರಂಗ ದಾರಿ ಇದೆ, ಅದರಲ್ಲಿ ಮೆಟ್ಟಿಲು. ಅಪ್ಪನ ಜೊತೆ ಎಡಕ್ಕೆ ತಿರುಗಿ ಸಾನ್ ಪಿಯೆತ್ರೊ ಬಾಗಿಲಿನಿಂದ ಒಳಗೆ ಹೋಗಿ.

ಕರಾವಳಿ ಕನ್ನಡತಿ · ಜುಲೈ 22

ಯಾರೂ ಗಮನಿಸಿಲ್ಲವಾ? ಅವರು ಹೋಗುತ್ತಿರುವುದು ಸೆಪ್ಟೆಂಬರ್ 13! ಅವತ್ತು ಸಂಜೆ ಲುಕ್ಕಾದ ಅತಿ ದೊಡ್ಡ ಹಬ್ಬ, ಸಾಂತಾ ಕ್ರೋಚೆ ಲುಮಿನಾರಾ.

ಸಾನ್ ಫ್ರೆದಿಯಾನೊ ಚರ್ಚಿನಿಂದ ಸಾನ್ ಮಾರ್ತಿನೊ ಕೆಥೆಡ್ರಲ್‌ವರೆಗೆ ಮೆರವಣಿಗೆ. ದಾರಿಯುದ್ದಕ್ಕೂ ಮನೆಗಳ ಗೋಡೆ, ಕಿಟಕಿ, ಕಮಾನುಗಳ ಅಂಚಿನಲ್ಲಿ ಗಾಜಿನ ಲೋಟದಲ್ಲಿ ಮೇಣದ ದೀಪ. ಸಾವಿರಾರು. ನಾನು ಧರ್ಮಸ್ಥಳದ ಲಕ್ಷದೀಪ ನೋಡಿಕೊಂಡು ಬೆಳೆದವಳು. ಅಲ್ಲಿ ನಿಂತಾಗ ನನಗೆ ಪರವೂರು ಅಂತ ಅನಿಸಲೇ ಇಲ್ಲ.

ಕೆಥೆಡ್ರಲ್‌ನಲ್ಲಿ ವೋಲ್ತೊ ಸಾಂತೊ ಅಂತ ಮರದ ದೊಡ್ಡ ಕ್ರಿಸ್ತನ ಮೂರ್ತಿ ಇದೆ. ಹಬ್ಬ ಅದರದ್ದೇ. ಕಿರೀಟ, ಒಡವೆ, ಜರಿ ಉಡುಪು ತೊಡಿಸಿ ಅಲಂಕಾರ ಮಾಡುವ ಪದ್ಧತಿ. 2020ರಲ್ಲಿ ಪ್ರಕಟವಾದ ಕಾರ್ಬನ್ ಪರೀಕ್ಷೆಯಲ್ಲಿ ಮರ 8-9ನೇ ಶತಮಾನದ್ದು ಅಂತ ಬಂತು. ಅರ್ಧ ದಿನ, ಪೀಸಾ, ಎಲ್ಲ ಬಿಡಿ. ಅವತ್ತು ರಾತ್ರಿ ಅಲ್ಲೇ ಉಳಿಯಿರಿ.

ಮಿಲಾನ್ ಮಂಡ್ಯ · ಜುಲೈ 22

ಅಷ್ಟು ಜನಸಂದಣಿಯಲ್ಲಿ ಮಂಡಿ ನೋವಿನವರನ್ನು ನಿಲ್ಲಿಸುವುದು ಸರಿಯಾ? ರೂಮ್ ಕೂಡ ದುಬಾರಿ. ನನ್ನ ಸಲಹೆ ಹಗಲು ನೋಡಿ ಹೊರಟುಬಿಡಿ.

ಕರಾವಳಿ ಕನ್ನಡತಿ · ಜುಲೈ 22

ಇಡೀ ಮೆರವಣಿಗೆ ಜೊತೆ ನಡೆಯಬೇಕಾಗಿಲ್ಲ. ಕತ್ತಲಾಗುವ ಮುಂಚೆ ದಾರಿಯಲ್ಲಿ ಒಂದು ಕಡೆ ಕುರ್ಚಿ ಸಿಗುವ ಕಾಫಿ ಅಂಗಡಿ ಹಿಡಿದು ಕೂರಿ. ದೀಪ ನಿಮ್ಮ ಸುತ್ತಲೇ ಇರುತ್ತೆ.

ಹಾಸನದ ಮಗಳು · ಜುಲೈ 23

ಎರಡು ದಿನ ಯೋಚಿಸಿದೆ. ಕೋಟೆ ಹೊರಗೆ, ನಿಲ್ದಾಣದ ಹತ್ತಿರ ಒಂದು ರೂಮ್ ಸಿಕ್ಕಿತು. 13ರ ರಾತ್ರಿ ಅಲ್ಲೇ. ಪೀಸಾ ಫೋಟೋ 14ರ ಬೆಳಿಗ್ಗೆ, ಸಾನ್ ರೊಸ್ಸೋರೆಯಲ್ಲಿ ಇಳಿದು. ಎಲ್ಲರಿಗೂ ಧನ್ಯವಾದ. ಬಂದ ಮೇಲೆ ಬರೆಯುತ್ತೇನೆ.

ರಾಗ ಹಂಸಧ್ವನಿ · ಆಗಸ್ಟ್ 2

ತಡವಾಗಿ ನೋಡಿದೆ. ಒಪೆರಾ ಸಂಯೋಜಕ ಪುಚ್ಚೀನಿ ಹುಟ್ಟಿದ್ದು ಲುಕ್ಕಾದಲ್ಲೇ, 1858ರ ಡಿಸೆಂಬರ್ 22. ಮನೆ ಈಗ ಮ್ಯೂಸಿಯಂ. ಅವರ ಮನೆತನ ತಲೆತಲಾಂತರದಿಂದ ಆ ಕೆಥೆಡ್ರಲ್‌ನಲ್ಲಿ ಸಂಗೀತ ನಡೆಸಿದ್ದು. ಸಾನ್ ಜೊವಾನ್ನಿ ಚರ್ಚಿನಲ್ಲಿ ಸಂಜೆ ಅವರ ಹಾಡುಗಳ ಕಛೇರಿ ಇರುತ್ತೆ. ಒಂದು ಗಂಟೆಯದು. ಒಪೆರಾ ಏನೂ ಗೊತ್ತಿಲ್ಲದವರೂ ಕೂತು ಕೇಳಬಹುದು.

ಹಾಸನದ ಮಗಳು · ಸೆಪ್ಟೆಂಬರ್ 21

ಹೋಗಿ ಬಂದೆವು! ಸ್ವಲ್ಪ ಉದ್ದವಾಗುತ್ತೆ, ಕ್ಷಮಿಸಿ.

ಹನ್ನೊಂದಕ್ಕೆ ಇಳಿದೆವು. ರೂಮಿನಲ್ಲಿ ಬ್ಯಾಗ್ ಇಟ್ಟು ಸಾನ್ ಪಿಯೆತ್ರೊ ಬಾಗಿಲಿನಿಂದ ಒಳಗೆ. ಮೊದಲು ಗೋಡೆ ಅಂತ ಅಪ್ಪ ಹಟ ಹಿಡಿದರು. ಬಾಗಿಲಿನ ಹೊರಗೆ ನಿಂತು ಕೈ ಇಟ್ಟು ಇಟ್ಟಿಗೆ ನೋಡಿದರು. ಗೋಡೆ ನೇರ ಇಲ್ಲ, ಒಳಕ್ಕೆ ವಾಲಿದೆ, ಅದಕ್ಕೇ ಮಣ್ಣಿನ ಒತ್ತಡ ತಡೆದುಕೊಂಡಿದೆ ಅಂದರು.

ಪೂರ್ತಿ ಸುತ್ತು ನಡೆದರು. 4.2 ಕಿಲೋಮೀಟರ್! ಊಟ ಬಿಟ್ಟು ಎರಡು ಗಂಟೆ ಮುಕ್ಕಾಲು ಆಯಿತು. ಪ್ರತಿ ಕೊತ್ತಲದಲ್ಲೂ ಬೆಂಚಿನ ಮೇಲೆ ಕೂತೆವು. ಉತ್ತರದ ಕಡೆ ಒಂದು ಅರಮನೆ ತೋಟ ಮೇಲಿಂದಲೇ ಕಾಣುತ್ತೆ, ಸಾಲು ಪ್ರತಿಮೆಗಳು, ನಡುವೆ ಕೊಳ. ಅಲ್ಲಿ ಅಮ್ಮ ಮುಕ್ಕಾಲು ಗಂಟೆ ಏಳಲಿಲ್ಲ. ಪಕ್ಕದ ಬೆಂಚಿನಲ್ಲಿ ಊರಿನ ಇಬ್ಬರು ಅಜ್ಜಿಯರು ಹೆಣಿಗೆ ಹಾಕುತ್ತಿದ್ದರು. ಅಮ್ಮನಿಗೆ ಇಟಾಲಿಯನ್ ಬರಲ್ಲ, ಅವರಿಗೆ ಕನ್ನಡ ಬರಲ್ಲ. ಆದರೂ ಅಮ್ಮ ಹೊಲಿಗೆ ತೋರಿಸಿ ಕೇಳಿದರು, ಅವರು ಕೈ ಹಿಡಿದು ತೋರಿಸಿದರು.

ಚೆಚೀನಾ ಸಿಕ್ಕಿತು. ಅಮ್ಮ ಎರಡು ತುಂಡು ತಿಂದು, ‘ಸ್ವಲ್ಪ ಓಂಕಾಳು ಹಾಕಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು’ ಅಂದರು. ಫಾರ್ರೊ ಸೂಪ್ ಮಾಂಸ ಇಲ್ಲದೆ ಒಂದು ಕಡೆ ಸಿಕ್ಕಿತು, ಪೇಡೆ ಅವರೇ, ನಿಮ್ಮ ಹುಗ್ಗಿ ಮಾತು ಅಲ್ಲೇ ಹೇಳಿದೆ.

ಗ್ವಿನಿಜಿ ಗೋಪುರಕ್ಕೆ ನಾನೊಬ್ಬಳೇ ಹೋದೆ. ಸುಮಾರು 230 ಮೆಟ್ಟಿಲು. 45 ಮೀಟರ್ ಎತ್ತರದ ಇಟ್ಟಿಗೆ ಗೋಪುರದ ತಲೆ ಮೇಲೆ ಏಳು ಓಕ್ ಮರ! ಕೆಳಗೆ ಅಂಫಿಥಿಯೇಟರ್ ಚೌಕ ಮೊಟ್ಟೆ ಆಕಾರದಲ್ಲಿ ಕಾಣುತ್ತೆ. ರೋಮನ್ನರ ಕಾಲದ ಅಖಾಡದ ಗೋಡೆಗಳನ್ನೇ ಬುನಾದಿ ಮಾಡಿಕೊಂಡು ಮನೆ ಕಟ್ಟಿಕೊಂಡಿದ್ದಾರೆ. ಹಳೇ ನೆಲ ಈಗಿನದಕ್ಕಿಂತ ಸುಮಾರು ಮೂರು ಮೀಟರ್ ಕೆಳಗಿದೆಯಂತೆ.

ಅಮ್ಮನಿಗೆ ಎಲ್ಲಕ್ಕಿಂತ ಮನಸ್ಸಿಗೆ ತಟ್ಟಿದ್ದು ಸಾನ್ ಫ್ರೆದಿಯಾನೊ ಚರ್ಚಿನ ಸಂತ ಜೀತಾ. ಹನ್ನೆರಡನೇ ವಯಸ್ಸಿನಿಂದ ಒಂದು ಶ್ರೀಮಂತರ ಮನೆಯಲ್ಲಿ ಕೆಲಸಕ್ಕಿದ್ದ ಹುಡುಗಿ. ಬಡವರಿಗೆ ಅಂತ ಸೆರಗಿನಲ್ಲಿ ರೊಟ್ಟಿ ಮುಚ್ಚಿಕೊಂಡು ಹೋಗುವಾಗ ಯಜಮಾನ ತಡೆದು ತೆರೆಸಿದರೆ ಹೂವು ಇತ್ತು ಅಂತ ಕಥೆ. 1272ರಲ್ಲಿ ತೀರಿಕೊಂಡಳು. ದೇಹವನ್ನು ಇವತ್ತಿಗೂ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಮನೆಗೆಲಸದವರ ಸಂತಳು. ಅಮ್ಮ ಅಲ್ಲಿ ಕೈ ಮುಗಿದು ಸುಮ್ಮನೆ ನಿಂತರು. ರಾತ್ರಿ ಊರಿಗೆ ಫೋನ್ ಮಾಡಿ, ಇಪ್ಪತ್ತು ವರ್ಷದಿಂದ ನಮ್ಮ ಮನೆಗೆ ಬರುವ ಅಕ್ಕನಿಗೆ ಈ ಕಥೆ ಪೂರ್ತಿ ಹೇಳಿದರು.

ಸಂಜೆ ದೀಪ. ಕನ್ನಡತಿ ಅವರೇ, ನಿಮಗೆ ಹೇಗೆ ಧನ್ಯವಾದ ಹೇಳಲಿ? ನೀವು ಹೇಳಿದ ಹಾಗೇ ಆರೂವರೆಗೆ ಕುರ್ಚಿ ಹಿಡಿದು ಕೂತೆವು. ಕತ್ತಲಾಗುತ್ತಾ ಒಂದೊಂದು ಕಿಟಕಿ ಅಂಚೂ ಬೆಳಗಿತು. ಅಪ್ಪ ಮಾತೇ ಆಡಲಿಲ್ಲ.

ಮಂಡ್ಯದವರಿಗೂ ಒಂದು ಮಾತು: ಜನಸಂದಣಿ ನಿಜಕ್ಕೂ ಇತ್ತು. ವಾಪಸ್ ನಡೆಯುವಾಗ ಅಪ್ಪನಿಗೆ ಕಷ್ಟ ಆಯಿತು. ನೀವು ಎಚ್ಚರಿಸಿದ್ದು ಸುಳ್ಳಲ್ಲ. ಆದರೆ ಉಳಿದದ್ದು ಒಳ್ಳೆಯದಾಯಿತು.

ಮಿಲಾನ್ ಮಂಡ್ಯ · ಸೆಪ್ಟೆಂಬರ್ 21

ಓದಿ ತುಂಬಾ ಸಂತೋಷ ಆಯಿತು. ಮೂರು ಸಲ ಹೋಗಿಯೂ ನಾನು ಜೀತಾ ನೋಡಿಲ್ಲ, ಪೂರ್ತಿ ಸುತ್ತು ನಡೆದೂ ಇಲ್ಲ. ಮುಂದಿನ ಸಲ ಪೀಸಾ ಸೇರಿಸುವುದಿಲ್ಲ.

ದುರ್ಗದ ಕೊತ್ತಲ · ಸೆಪ್ಟೆಂಬರ್ 21

ಕೆಥೆಡ್ರಲ್ ಒಳಗೆ ಇಲಾರಿಯಾ ಸಮಾಧಿ ನೋಡಿದಿರಾ? ಯಾಕೊಪೊ ದೆಲ್ಲಾ ಕ್ವೆರ್ಚಾ ಕೆತ್ತಿದ ಅಮೃತಶಿಲೆ. ಊರಿನ ಒಡೆಯ ಪಾವೊಲೊ ಗ್ವಿನಿಜಿಯ ಹೆಂಡತಿ, 1405ರಲ್ಲಿ ಸತ್ತಳು. ಕಾಲ ಬಳಿ ನಾಯಿಮರಿ ತಲೆ ಎತ್ತಿ ಅವಳನ್ನೇ ನೋಡುತ್ತಾ ಕೂತಿದೆ.

ಹಾಸನದ ಮಗಳು · ಸೆಪ್ಟೆಂಬರ್ 21

ಇಲ್ಲ ಸಾರ್, ಹಬ್ಬದ ಗಡಿಬಿಡಿಯಲ್ಲಿ ಒಳಗೆ ನೆಮ್ಮದಿಯಾಗಿ ನೋಡಲು ಆಗಲಿಲ್ಲ. ಹೊರಗಿನ ಕಂಬದ ಮೇಲೆ ಬೆರಳಿನಲ್ಲಿ ದಾರಿ ಹುಡುಕುವ ಚಕ್ರವ್ಯೂಹ ಕೆತ್ತನೆ ಇದೆಯಲ್ಲ, ಅದನ್ನು ಮಾತ್ರ ಅಪ್ಪ ತೋರಿಸಿದರು. ಇಲಾರಿಯಾಗಾಗಿ ಮತ್ತೆ ಹೋಗಬೇಕು.

ಬೆಳಗಾವಿ ಬೀದಿ · ಸೆಪ್ಟೆಂಬರ್ 22

ನಾವು ಅಕ್ಟೋಬರ್ ಕೊನೆಯಲ್ಲಿ ಹೋಗುತ್ತಿದ್ದೇವೆ, ಎರಡು ವರ್ಷದ ಮಗು ಇದೆ. ತಳ್ಳುಗಾಡಿ ಗೋಡೆ ಮೇಲೆ ಹೋಗುತ್ತಾ?

ತೊರಿನೊ ವಿದ್ಯಾರ್ಥಿ · ಸೆಪ್ಟೆಂಬರ್ 22

ಗಾಡಿ ಹೋಗುತ್ತೆ, ಆದರೆ ತಾರೀಕು ನೋಡಿಕೊಳ್ಳಿ. ಅಕ್ಟೋಬರ್ ಕೊನೆ, ನವೆಂಬರ್ ಮೊದಲಲ್ಲಿ ಅಲ್ಲಿ ಕಾಮಿಕ್ಸ್ ಮತ್ತು ಗೇಮ್ಸ್ ಮೇಳ. ಲುಕ್ಕಾದಲ್ಲಿ 1966ರಿಂದ ನಡೆಯುತ್ತಿರುವುದು. ಲಕ್ಷಾಂತರ ಜನ, ಬೀದಿ ತುಂಬಾ ವೇಷ. ಮಗುವಿನ ಗಾಡಿ ತಳ್ಳಲು ಜಾಗ ಸಿಗಲ್ಲ, ರೂಮೂ ಸಿಗಲ್ಲ. ಅದಕ್ಕೆ ಒಂದು ವಾರ ಮುಂಚೆ ಹೋಗಿ.

ಹಾಸನದ ಮಗಳು · ಸೆಪ್ಟೆಂಬರ್ 22

ಹೌದು, ಗಾಡಿಗಳನ್ನು ತಳ್ಳಿಕೊಂಡು ಹೋಗುವವರು ಬಹಳ ಜನ ಇದ್ದರು. ಮೇಲೆ ದಾರಿ ಅಗಲ, ನುಣುಪು. ಹತ್ತುವ ಇಳಿಜಾರು ಮಾತ್ರ ಸ್ವಲ್ಪ ದೂಡಬೇಕು. ನೀರಿನ ಬಾಟಲಿ ತಗೊಂಡು ಹೋಗಿ, ಊರೊಳಗೆ ಕುಡಿಯುವ ನೀರಿನ ಕಾರಂಜಿಗಳಿವೆ. ಊರಿನವರೇ ಕ್ಯಾನ್ ತಂದು ತುಂಬಿಸಿಕೊಳ್ಳುತ್ತಿದ್ದರು. ಅಪ್ಪ ಒಂದು ಬಾಟಲಿ ತುಂಬಿಸಿ ಸ್ಟುಟ್‌ಗಾರ್ಟ್‌ವರೆಗೂ ತಂದರು.